ಮೈನಸ್ ನಲವತ್ತರಲ್ಲಿ ಸ್ವಾವಲಂಬನೆ

ಅಲಾಸ್ಕದ ಕಾಡಿನಲ್ಲಿ ಒಬ್ಬಂಟಿಯಾಗಿ ಬದುಕುವ ಗಡ್ಡದ ಮನುಷ್ಯನನ್ನು ನೀವೂ ನೋಡಿರುತ್ತೀರಿ, ಮೊಬೈಲಿನಲ್ಲಿ. ಅವನು ಮರ ಕಡಿಯುತ್ತಾನೆ, ಹಿಮ ಕರಗಿಸಿ ಚಹಾ ಕಾಯಿಸುತ್ತಾನೆ, ದೂರದ ಬೆಟ್ಟ ನೋಡಿ ನಿಟ್ಟುಸಿರು ಬಿಡುತ್ತಾನೆ. ಮರ ಕಡಿಯುವುದನ್ನು ಎದುರಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ, ಆಕಾಶದಿಂದ ಡ್ರೋನ್ ಹಾರಿಸಿ ಮತ್ತೊಮ್ಮೆ ತೋರಿಸುತ್ತಾರೆ. ಸುತ್ತ ನೂರು ಮೈಲಿ ನರಪಿಳ್ಳೆಯಿಲ್ಲ ಎಂದು ಹಿನ್ನೆಲೆಯ ಧ್ವನಿ ಗುಡುಗುತ್ತದೆ. ಹಾಗಾದರೆ ಕ್ಯಾಮೆರಾ ಹಿಡಿದವನು, ಮೈಕು ಹಿಡಿದವನು, ಇವರಿಬ್ಬರ ಊಟ ನೋಡಿಕೊಳ್ಳುವವನು ನರಪಿಳ್ಳೆಗಳ ಲೆಕ್ಕಕ್ಕೆ ಬರುವುದಿಲ್ಲವೇನೋ.

ಇದನ್ನು ಕಣ್ಣರಳಿಸಿ ನೋಡುವವರು ಎರಡು ಬಗೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಕ್ಯಾಬಿನ ಹಿಂದಿನ ಸೀಟಿಗೆ ಒರಗಿ ನೋಡುವವರು ಒಂದು ಬಗೆ. ಡಲ್ಲಾಸಿನಲ್ಲೋ ಸಿಯಾಟಲ್ಲಿನಲ್ಲೋ ಕೂತು, ಗ್ರೀನ್ ಕಾರ್ಡಿನ ಸರತಿ ತಮ್ಮ ಆಯುಷ್ಯದೊಳಗೆ ಮುಗಿದೀತೇ ಎಂದು ಲೆಕ್ಕ ಹಾಕುತ್ತಾ ನೋಡುವ ನಮ್ಮವರು ಇನ್ನೊಂದು ಬಗೆ. ಇಬ್ಬರ ಬಾಯಲ್ಲೂ ಬರುವ ಮಾತು ಒಂದೇ: ‘ಎಲ್ಲ ಬಿಟ್ಟು ಇಂಥ ಕಡೆ ಹೋಗಿಬಿಡಬೇಕು ಕಣ್ರೀ. ಯಾರ ಹಂಗೂ ಬೇಡ.’

ಸಂತೋಷ. ಹೊರಡುವ ಮೊದಲು ಆ ಹಂಗಿನ ಲೆಕ್ಕವನ್ನು ಒಮ್ಮೆ ನೋಡಿಬಿಡೋಣ.

ಮೊದಲಿಗೆ ಜಾಗ. ಅಲಾಸ್ಕ ಅಂದರೆ ಹೆಚ್ಚುಕಡಿಮೆ ಒಂಬತ್ತು ಕರ್ನಾಟಕ. ಜನ ಮಾತ್ರ ಮೈಸೂರು ನಗರಕ್ಕಿಂತ ಕಡಿಮೆ. ಇಷ್ಟು ಜಾಗ ಖಾಲಿ ಬಿದ್ದಿದೆಯಲ್ಲ, ಒಂದು ಮೂಲೆಯಲ್ಲಿ ಗುಡಿಸಲು ಹಾಕಿಕೊಂಡರೆ ಯಾರು ಕೇಳುತ್ತಾರೆ ಎನ್ನಬೇಡಿ. ಕೇಳುತ್ತಾರೆ. 1867ರಲ್ಲಿ ಅಮೆರಿಕ ಇದನ್ನು ರಷ್ಯಾದಿಂದ 72 ಲಕ್ಷ ಡಾಲರಿಗೆ, ಎಕರೆಗೆ ಎರಡು ಸೆಂಟಿನ ಲೆಕ್ಕದಲ್ಲಿ, ಕ್ರಯಕ್ಕೆ ತೆಗೆದುಕೊಂಡಿತು. ಮಾರಿದವರೂ ಕೊಂಡವರೂ ಅಲ್ಲಿ ಸಾವಿರಾರು ವರ್ಷಗಳಿಂದ ಬದುಕಿದ್ದ ಮೂಲನಿವಾಸಿಗಳನ್ನು ಒಂದು ಮಾತು ಕೇಳಲಿಲ್ಲ. ಅವರ ಹಕ್ಕಿನ ಇತ್ಯರ್ಥಕ್ಕೆ ಕಾನೂನು ಬಂದದ್ದು 1971ರಲ್ಲಿ, ಪೈಪಿನಲ್ಲಿ ತೈಲ ಹರಿಸಲು ಅವರ ನೆಲ ಅಡ್ಡ ಬಂತೆಂದು ಗೊತ್ತಾದ ಮೇಲೆ.

ಅದಕ್ಕೂ ಮೊದಲು, 1862ರ ಹೋಮ್‌ಸ್ಟೆಡ್ ಕಾಯ್ದೆ ಎಂಬುದೊಂದಿತ್ತು. ಐದು ವರ್ಷ ನೆಲದ ಮೇಲೆ ವಾಸವಿದ್ದು ಬೇಸಾಯ ಮಾಡಿ ತೋರಿಸಿದರೆ 160 ಎಕರೆ ನಿಮ್ಮದು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎಂದು ಜನ ಮುಗಿಬಿದ್ದರು. ಸರಕಾರದ ಕಾಟವೇ ಬೇಡವೆಂದು ಹೊರಟ ಈ ಧೀರರು ಮಾಡಿದ ಮೊದಲ ಕೆಲಸ, ಸರಕಾರಕ್ಕೆ ಅರ್ಜಿ ಗುಜರಾಯಿಸಿದ್ದು. ಆ ಕಾಯ್ದೆ 1976ರಲ್ಲಿ ರದ್ದಾಯಿತು. ಅಲಾಸ್ಕಕ್ಕೆ ಮಾತ್ರ ಹತ್ತು ವರ್ಷ ವಾಯಿದೆ ಸಿಕ್ಕಿ, 1986ಕ್ಕೆ ಅಲ್ಲಿಯೂ ಬಾಗಿಲು ಮುಚ್ಚಿತು. ಈಗ ಹೋಗುವವರು ದುಡ್ಡು ಕೊಟ್ಟು ಕೊಳ್ಳಬೇಕು. ಅಂದರೆ ಹಂಗು ಕಳಚಿಕೊಳ್ಳಲು ಮೊದಲು ಇಪ್ಪತ್ತು ವರ್ಷ ಯಾರದಾದರೂ ಹಂಗಿನಲ್ಲಿ ಸಂಬಳಕ್ಕೆ ದುಡಿಯಬೇಕು.

ಸರಕಾರವೇ ಕೈಹಿಡಿದು ಸ್ವಾವಲಂಬನೆ ಕಲಿಸಿದ ಪ್ರಸಂಗವೂ ಉಂಟು. 1935ರಲ್ಲಿ, ಅಮೆರಿಕ ಆರ್ಥಿಕ ಕುಸಿತದಲ್ಲಿ ಕಂಗೆಟ್ಟಿದ್ದಾಗ, ರೂಸ್‌ವೆಲ್ಟ್ ಆಡಳಿತ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಿಂದ 203 ಕುಟುಂಬಗಳನ್ನು ಆರಿಸಿ ಅಲಾಸ್ಕದ ಮಟನುಸ್ಕ ಕಣಿವೆಗೆ ಸಾಗಿಸಿತು. ಇವರೆಲ್ಲ ಚಳಿ ಕಂಡವರು, ತಡೆದುಕೊಳ್ಳುತ್ತಾರೆ ಎಂಬುದು ಅಧಿಕಾರಿಗಳ ತರ್ಕ. ಚೀಟಿ ಎತ್ತಿ ತಲಾ 40 ಎಕರೆ ಹಂಚಿದರು. ಮನೆಗೆ ಸಾಲ, ಕೊಟ್ಟಿಗೆಗೆ ಸಾಲ, ಹಸುವಿಗೆ ಸಾಲ. ಬಂದಿಳಿದವರಿಗೆ ಮೊದಲು ಸಿಕ್ಕಿದ್ದು ಡೇರೆ. ಕೆಲವೇ ವರ್ಷಗಳಲ್ಲಿ ಬಹಳಷ್ಟು ಕುಟುಂಬಗಳು ಗಂಟುಮೂಟೆ ಕಟ್ಟಿ ಬಂದ ದಾರಿ ಹಿಡಿದವು. ಉಳಿದವರನ್ನು ಮೆಚ್ಚಲೇಬೇಕು. ಬೇಸಿಗೆಯಲ್ಲಿ ದಿನಕ್ಕೆ ಹತ್ತೊಂಬತ್ತು ಗಂಟೆ ಬಿಸಿಲು ಬೀಳುವ ಆ ಕಣಿವೆಯಲ್ಲಿ ಈಗಲೂ ರಾಕ್ಷಸ ಗಾತ್ರದ ತರಕಾರಿ ಬೆಳೆಯುತ್ತಾರೆ. ಅಲ್ಲಿನ ಪಾಮರ್ ಊರಿನ ಜಾತ್ರೆಯಲ್ಲಿ 2012ರಲ್ಲಿ ತೂಗಿದ ಒಂದು ಎಲೆಕೋಸು 62 ಕಿಲೋ ದಾಟಿತ್ತು. ನಮ್ಮ ಕಡೆಯ ಮದುವೆ ಅಡುಗೆ ಭಟ್ಟರು ಅದೊಂದನ್ನೇ ಹೆಚ್ಚಿ ಮುಹೂರ್ತದ ಊಟದ ಪಲ್ಯ ಮುಗಿಸಬಹುದು. ಆದರೆ ಆ ಬೇಸಿಗೆ ಇರುವುದು ಸುಮಾರು ನೂರು ದಿನ. ಮಿಕ್ಕ ಇನ್ನೂರ ಅರವತ್ತೈದು ದಿನ ಕೋಸಿನ ಫೋಟೊ ನೋಡಿಕೊಂಡು ಇರಬೇಕು.

ಇನ್ನು ಚಳಿ. ಫೇರ್‌ಬ್ಯಾಂಕ್ಸ್ ಕಡೆ ಚಳಿಗಾಲದಲ್ಲಿ ಆಗಾಗ ಮೈನಸ್ 40 ಮುಟ್ಟುತ್ತದೆ. ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳುವ ಅಗತ್ಯವಿಲ್ಲ, ಜಗಳವಾಡುವ ಆ ಎರಡು ಅಳತೆಗಳೂ ರಾಜಿಯಾಗುವುದು ಅದೊಂದೇ ಬಿಂದುವಿನಲ್ಲಿ. 1971ರ ಜನವರಿಯಲ್ಲಿ ಪ್ರಾಸ್ಪೆಕ್ಟ್ ಕ್ರೀಕ್ ಎಂಬಲ್ಲಿ ಮೈನಸ್ 62 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಡಿಸೆಂಬರಿನಲ್ಲಿ ಬೆಂಗಳೂರು 14 ಡಿಗ್ರಿಗೆ ಇಳಿದರೆ ಮಂಕಿಟೋಪಿ ಹುಡುಕುವ ನಾವು ಇದನ್ನು ಓದಿ ‘ಆಹಾ’ ಎನ್ನುತ್ತೇವೆ.

ಈ ಚಳಿಗೆ ಸೌದೆಯ ಒಲೆ ಹಚ್ಚಿ ಕೂರುವುದು ವೀಡಿಯೋದಲ್ಲಿ ಅರ್ಧ ನಿಮಿಷದ ಕೆಲಸ. ಅಲ್ಲಿ ಸೌದೆಯನ್ನು ಅಳೆಯುವುದು ‘ಕಾರ್ಡ್’ ಲೆಕ್ಕದಲ್ಲಿ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ ಒಟ್ಟಿದರೆ ಒಂದು ಕಾರ್ಡ್. ಒಂದು ಚಳಿಗಾಲ ದಾಟಲು ಇಂಥ ಹಲವು ಕಾರ್ಡ್ ಬೇಕು. ಹಸಿ ಸೌದೆ ಉರಿಯುವುದಿಲ್ಲ. ಆದ್ದರಿಂದ ಬರುವ ಚಳಿಗಾಲದ ಸೌದೆಯನ್ನು ಬಹಳ ಮೊದಲೇ ಕಡಿದು, ಸೀಳಿ, ಒಣಗಿಸಿಡಬೇಕು. ಕೊಡಲಿಯ ದೃಶ್ಯ ಸುಂದರ. ಅಷ್ಟೂ ಸೌದೆ ಬೀಳುವುದು ಪೆಟ್ರೋಲ್ ಕುಡಿಯುವ ಗರಗಸದಿಂದ, ಮನೆಗೆ ಬರುವುದು ಪೆಟ್ರೋಲ್ ಕುಡಿಯುವ ಹಿಮಗಾಡಿಯಲ್ಲಿ. ಕಾರಿದ್ದರೆ ಅದನ್ನು ರಾತ್ರಿ ಕರೆಂಟಿನ ಪ್ಲಗ್ಗಿಗೆ ಸಿಕ್ಕಿಸಿ ಇಂಜಿನ್ ಬೆಚ್ಚಗಿಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ಅದು ಏಳುವುದಿಲ್ಲ. ಸೋಲಾರ್ ಇದೆಯಲ್ಲ ಎನ್ನುತ್ತೀರಾ? ಡಿಸೆಂಬರ್ 21ರಂದು ಫೇರ್‌ಬ್ಯಾಂಕ್ಸಿನಲ್ಲಿ ಹಗಲು ನಾಲ್ಕು ಗಂಟೆಗಿಂತ ಕಡಿಮೆ. ಇನ್ನೂ ಉತ್ತರದ ಉಟ್‌ಕಿಯಾಗ್ವಿಕ್‌ನಲ್ಲಿ ನವೆಂಬರಿನಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿಯ ಕೊನೆಗೆ. ಛಾವಣಿಯ ಮೇಲೆ ಸೋಲಾರ್ ಫಲಕ, ಫಲಕದ ಮೇಲೆ ಹಿಮ, ಮನೆಯ ಹಿಂದೆ ಡೀಸೆಲ್ ಜನರೇಟರ್. ವೀಡಿಯೋದಲ್ಲಿ ಜನರೇಟರಿನ ಸದ್ದನ್ನು ಅಳಿಸಿ ಕೊಳಲು ಹಾಕಿರುತ್ತಾರೆ.

ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಹಿರಿಯರು ಹೇಳಿದರು. ಅಲ್ಲಿ ಕೈ ಕೆಸರಾಗಬೇಕಾದರೆ ಮೊದಲು ಮಣ್ಣು ಕರಗಬೇಕು. ಬಹಳ ಕಡೆ ಮೇಲ್ಪದರದ ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ಮನೆ ಕಟ್ಟಿ ಒಳಗೆ ಬೆಂಕಿ ಹಾಕಿದರೆ ನೀವು ಬೆಚ್ಚಗಾಗುತ್ತೀರಿ, ನೆಲವೂ ಬೆಚ್ಚಗಾಗುತ್ತದೆ, ಕರಗುತ್ತದೆ, ಮನೆ ಒಂದು ಕಡೆಗೆ ವಾಲುತ್ತದೆ. ನೀರಿನ ಪೈಪು ಹಾಕಿದರೆ ಒಡೆಯುತ್ತದೆ. ಅದಕ್ಕೇ ಫೇರ್‌ಬ್ಯಾಂಕ್ಸಿನ ಸುತ್ತ ನಲ್ಲಿಯೇ ಇಲ್ಲದ ‘ಒಣ ಮನೆ’ಗಳು ಬಾಡಿಗೆಗೆ ಸಿಗುತ್ತವೆ. ಪೇಟೆಗೆ ಹೋಗಿ ಕ್ಯಾನಿನಲ್ಲಿ ನೀರು ತುಂಬಿಸಿ ತರಬೇಕು, ಸ್ನಾನಕ್ಕೆ ಪೇಟೆಯ ಬಟ್ಟೆ ಒಗೆಯುವ ಅಂಗಡಿಗೆ ಹೋಗಿ ಕಾಸು ಕೊಟ್ಟು ನಿಲ್ಲಬೇಕು. ಟ್ಯಾಂಕರ್ ನೀರಿಗೆ ರೋಸಿ ಬೆಂಗಳೂರು ಬಿಟ್ಟವರು ಅಲ್ಲಿ ತಾವೇ ಟ್ಯಾಂಕರ್ ಆಗುತ್ತಾರೆ.

ಶೌಚದ ವಿಷಯ ಮುಜುಗರದ್ದಾದರೂ ಹೇಳಲೇಬೇಕು. ಅದು ಮನೆಯ ಹೊರಗಿನ ಮರದ ಗೂಡು. ಮೈನಸ್ 40ರಲ್ಲಿ ಮರದ ಹಲಗೆಯ ಮೇಲೆ ಕೂರುವುದು ಪ್ರಾಣಸಂಕಟ. ಇದಕ್ಕೆ ಅಲಾಸ್ಕದವರು ಕಂಡುಕೊಂಡ ಉಪಾಯ, ಥರ್ಮೋಕೋಲಿನ ಜಾತಿಯ ದಪ್ಪ ಹಾಳೆಯನ್ನು ಕತ್ತರಿಸಿ ಸೀಟು ಮಾಡಿಕೊಳ್ಳುವುದು. ಅದು ಮೈಯ ಶಾಖವನ್ನು ಎಳೆದುಕೊಳ್ಳುವುದಿಲ್ಲ, ಕೂತ ಕ್ಷಣವೇ ಬೆಚ್ಚಗೆನಿಸುತ್ತದೆ. ಥರ್ಮೋಕೋಲ್ ತಯಾರಾಗುವುದು ಪೆಟ್ರೋಲಿಯಂನಿಂದ. ಕೈಗಾರಿಕಾ ನಾಗರಿಕತೆಯನ್ನು ಧಿಕ್ಕರಿಸಿ ಬಂದ ತತ್ವಜ್ಞಾನಿ ಪ್ರತಿದಿನ ಬೆಳಿಗ್ಗೆ ಅದೇ ನಾಗರಿಕತೆಯ ಮೇಲೆ ಕೂತು ಚಿಂತನೆ ಮಾಡುತ್ತಾನೆ.

ಹೊಟ್ಟೆಯ ಲೆಕ್ಕಕ್ಕೆ ಬನ್ನಿ. ಅಲಾಸ್ಕ ತಿನ್ನುವ ಆಹಾರದಲ್ಲಿ ನೂರಕ್ಕೆ 95ರಷ್ಟು ಹೊರಗಿನಿಂದ ಬರುತ್ತದೆ ಎಂಬುದು ಅಲ್ಲಿಯವರೇ ಹೇಳಿಕೊಳ್ಳುವ ಲೆಕ್ಕ. ಹೆಚ್ಚಿನ ಹಳ್ಳಿಗಳಿಗೆ ರಸ್ತೆಯಿಲ್ಲ. ಹಳ್ಳಿಯ ಮಾತು ಬಿಡಿ, ರಾಜಧಾನಿ ಜೂನೋಗೇ ಹೊರಗಿನಿಂದ ರಸ್ತೆಯಿಲ್ಲ. ಶಾಸಕರು ಹಡಗಿನಲ್ಲೋ ವಿಮಾನದಲ್ಲೋ ಬಂದು ಸೇರಬೇಕು. ದೂರದ ಹಳ್ಳಿಗಳ ಅಂಗಡಿಗೆ ಅಕ್ಕಿ, ಹಿಟ್ಟು, ಕೋಲಾ ಬರುವುದು ಅಂಚೆಯ ಲೆಕ್ಕದಲ್ಲಿ, ವಿಮಾನದಲ್ಲಿ. ಅಂಚೆಯ ದರಕ್ಕೂ ವಿಮಾನದ ನಿಜವಾದ ಖರ್ಚಿಗೂ ನಡುವಿನ ಹೊರೆಯನ್ನು ಹೊರುವುದು ಅಮೆರಿಕದ ಅಂಚೆ ಇಲಾಖೆ. ನಮ್ಮವರಿಗೆ ಇನ್ನೊಂದು ಪೇಚು. ಅಲ್ಲಿ ತೊಗರಿ ಬೆಳೆಯುವುದಿಲ್ಲ, ಹುಣಸೆ ಬಿಡುವುದಿಲ್ಲ, ಕಾಫಿ ಗಿಡ ಒಂದು ರಾತ್ರಿ ಉಳಿಯುವುದಿಲ್ಲ. ಕಡವೆಯ ದೊಡ್ಡಪ್ಪನಂತಿರುವ ಮೂಸ್ ಎಂಬ ಪ್ರಾಣಿಯನ್ನು ಹೊಡೆದು ತಿನ್ನಬಹುದು, ಲೈಸೆನ್ಸ್ ಪಡೆದು, ಸರಕಾರ ಗೊತ್ತುಮಾಡಿದ ಋತುವಿನಲ್ಲಿ. ಹಂಗಿಲ್ಲದ ಬೇಟೆಗಾರನ ಜೇಬಿನಲ್ಲಿ ಗುಂಡಿಗಿಂತ ಮೊದಲು ರಸೀದಿ ಇರಬೇಕು.

ಈ ಒಂಟಿ ಬದುಕಿನ ಪಂಥಕ್ಕೊಬ್ಬ ಆದಿಗುರು ಇದ್ದಾನೆ, ಡಿಕ್ ಪ್ರೊನೆಕಿ. 1968ರಲ್ಲಿ, ಐವತ್ತು ದಾಟಿದ ಮೇಲೆ, ಟ್ವಿನ್ ಲೇಕ್ಸ್ ಎಂಬ ಸರೋವರದ ದಂಡೆಯಲ್ಲಿ ಕೈಸಲಕರಣೆಗಳಿಂದಲೇ ಮರದ ಮನೆ ಕಟ್ಟಿ, ಸುಮಾರು ಮೂವತ್ತು ವರ್ಷ ಅಲ್ಲಿದ್ದ. ಕ್ಯಾಮೆರಾವನ್ನೂ ತಾನೇ ನಿಲ್ಲಿಸಿ, ಓಡಿ ಹೋಗಿ ತಾನೇ ಅದರ ಮುಂದೆ ಮರ ಕೊಯ್ದ. ಅಪ್ಪಟ ಮನುಷ್ಯ, ಅವನ ಮೇಲೆ ನನ್ನ ತಕರಾರಿಲ್ಲ. ಅವನ ಭಕ್ತರು ಮರೆಯುವ ಸಂಗತಿಗಳ ಮೇಲೆ ಇದೆ. ಅವನು ದಶಕಗಳ ಕಾಲ ಡೀಸೆಲ್ ಇಂಜಿನ್ ರಿಪೇರಿಯಲ್ಲಿ ಪಳಗಿದ ಮೆಕ್ಯಾನಿಕ್. ಮನೆ ಕಟ್ಟುವಾಗ ಉಳಿದುಕೊಂಡದ್ದು ಗೆಳೆಯನ ಗುಡಿಸಲಿನಲ್ಲಿ. ಕಾಳು, ಹಿಟ್ಟು, ಅಂಚೆ ಎಲ್ಲವನ್ನೂ ಪರಿಚಯದ ಪೈಲಟ್ ಪುಟ್ಟ ವಿಮಾನದಲ್ಲಿ ತಂದು ಇಳಿಸುತ್ತಿದ್ದ. ಎಂಬತ್ತರ ಗಡಿ ದಾಟಿದ ಮೇಲೆ ಆ ಚಳಿ ಸಾಕಾಗಿ ಕ್ಯಾಲಿಫೋರ್ನಿಯದ ತಮ್ಮನ ಬಳಿಗೆ ಹೋದ, 2003ರಲ್ಲಿ ಅಲ್ಲೇ ತೀರಿಕೊಂಡ. ಗೆಳೆಯ, ಪೈಲಟ್, ತಮ್ಮ. ಮೂವರನ್ನು ತೆಗೆದರೆ ಗುರುವಿನ ಕತೆಯೇ ನಿಲ್ಲುವುದಿಲ್ಲ. ಗುರು ಇದನ್ನು ಮುಚ್ಚಿಡಲಿಲ್ಲ, ಶಿಷ್ಯರಿಗೆ ಕಾಣಿಸಲಿಲ್ಲ.

ಇನ್ನೊಬ್ಬ ಕ್ರಿಸ್ ಮ್ಯಾಕ್‌ಕ್ಯಾಂಡ್ಲೆಸ್. 1992ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಐದಾರು ಕಿಲೋ ಅಕ್ಕಿಯೂ ಇಲ್ಲದ ಗಂಟು ಹೊತ್ತು ಕಾಡು ಹೊಕ್ಕ ಹುಡುಗ. ಬೇಸಿಗೆ ಮುಗಿಯುವ ಮೊದಲೇ ಹಸಿವಿನಿಂದ ಸತ್ತ. ಸತ್ತ ಹುಡುಗನನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಗೇಲಿಗೆ ಅರ್ಹರು ಅವನ ನಂತರದ ಯಾತ್ರಿಕರು. ಅವನು ಕಡೆಯ ದಿನಗಳನ್ನು ಕಳೆದದ್ದು ರಸ್ತೆ ಕೆಲಸದವರು ಬಿಟ್ಟುಹೋಗಿದ್ದ 142 ಸಂಖ್ಯೆಯ ಹಳೇ ಬಸ್ಸಿನಲ್ಲಿ. ಪುಸ್ತಕ ಬಂತು, ಸಿನಿಮಾ ಬಂತು, ಬಸ್ಸು ತೀರ್ಥಕ್ಷೇತ್ರವಾಯಿತು. ಅದರೊಳಗೆ ಕೂತು ಫೋಟೊ ತೆಗೆಸಿಕೊಳ್ಳಲು ಹೋದವರು ದಾರಿಯ ನದಿಗೆ ಸಿಕ್ಕಿಬಿದ್ದು ರಕ್ಷಣಾ ತಂಡಗಳನ್ನು ಕರೆಸಿಕೊಂಡರು. 2010ರಲ್ಲಿ ಒಬ್ಬಳು, 2019ರಲ್ಲಿ ಇನ್ನೊಬ್ಬಳು ಆ ನದಿಯಲ್ಲಿ ಮುಳುಗಿ ಸತ್ತರು. ಕೊನೆಗೆ 2020ರ ಜೂನಿನಲ್ಲಿ ಸೇನೆಯ ಹೆಲಿಕಾಪ್ಟರ್ ಆ ಬಸ್ಸನ್ನೇ ಎತ್ತಿಕೊಂಡು ಬಂತು. ನಾಗರಿಕತೆಯಿಂದ ಬಿಡುಗಡೆ ಬಯಸಿದವರ ಗುಡಿ ಈಗ ಫೇರ್‌ಬ್ಯಾಂಕ್ಸಿನ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಸುಪರ್ದಿಯಲ್ಲಿದೆ.

ದುಡ್ಡಿನ ವಿಷಯದಲ್ಲಿ ಅಲಾಸ್ಕ ಇನ್ನೂ ಉದಾರಿ. ಅಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ. ಸಾಲದ್ದಕ್ಕೆ 1982ರಿಂದ ಪ್ರತಿವರ್ಷ ಪ್ರತಿ ನಿವಾಸಿಗೂ, ತೊಟ್ಟಿಲ ಕೂಸಿಗೂ, ಸರಕಾರವೇ ಹಣ ಕೊಡುತ್ತದೆ. 2022ರಲ್ಲಿ ಕೊಟ್ಟದ್ದು ತಲೆಗೆ 3,284 ಡಾಲರ್, 2024ರಲ್ಲಿ 1,702. ನಮ್ಮಲ್ಲಿ ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಕೊಟ್ಟರೆ ‘ಬಿಟ್ಟಿ ಭಾಗ್ಯ, ಜನ ಸೋಮಾರಿಗಳಾಗುತ್ತಾರೆ’ ಎಂದು ಗೊಣಗುವ ಮಹನೀಯರೇ ಅಲಾಸ್ಕದ ಈ ಭಾಗ್ಯವನ್ನು ಸ್ವಾತಂತ್ರ್ಯ ಎನ್ನುತ್ತಾರೆ. ಈ ಹಣದ ಮೂಲ ತೈಲ. 1968ರಲ್ಲಿ ಪ್ರುಡೋ ಕೊಲ್ಲಿಯಲ್ಲಿ ಸಿಕ್ಕು, 1977ರಿಂದ 800 ಮೈಲಿ ಉದ್ದದ ಪೈಪಿನಲ್ಲಿ ದಕ್ಷಿಣಕ್ಕೆ ಹರಿಯುತ್ತಿರುವ ತೈಲ. ಬೆಂಗಳೂರಿನ ಹೊಗೆ ಬಿಟ್ಟು ಓಡಿದವನ ವರ್ಷಾಶನ ಬರುವುದು ಅಂಥದೇ ಹೊಗೆಯ ಲಾಭಾಂಶದಿಂದ. ನಾಗರಿಕತೆಯ ಸಹವಾಸವೇ ಬೇಡವೆಂದು ಅಲಾಸ್ಕದ ಕಾಡಿನಲ್ಲಿ ನೆಲೆಸಿದ್ದೇವೆ ಎಂದು ಡಿಸ್ಕವರಿ ವಾಹಿನಿಯಲ್ಲಿ ಮಿಂಚಿದ ಕುಟುಂಬವೊಂದಿತ್ತು. ಅಲಾಸ್ಕದಲ್ಲಿ ವಾಸವೇ ಇಲ್ಲದ ವರ್ಷಗಳಿಗೂ ಈ ಹಣಕ್ಕೆ ಅರ್ಜಿ ಹಾಕಿದ್ದಕ್ಕಾಗಿ ಆ ಮನೆಯ ಇಬ್ಬರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 2016ರಲ್ಲಿ ಶಿಕ್ಷೆ ಅನುಭವಿಸಿದರು. ಕಾಡು ಬಿಟ್ಟರೂ ಚೆಕ್ಕು ಬಿಡಲಿಲ್ಲ.

ಹಾಗಾದರೆ ನಿಜವಾಗಿ ಯಾರ ಹಂಗೂ ಇಲ್ಲದೆ ಬದುಕಿದವರೇ ಇಲ್ಲವೇ? ಇದ್ದರು. ಅಲಾಸ್ಕದಲ್ಲಲ್ಲ, ಸೈಬೀರಿಯದಲ್ಲಿ. ಧಾರ್ಮಿಕ ಕಿರುಕುಳಕ್ಕೆ ಹೆದರಿ 1936ರಲ್ಲಿ ಕಾಡು ಸೇರಿದ ಲಿಕೊವ್ ಕುಟುಂಬವನ್ನು ಭೂವಿಜ್ಞಾನಿಗಳು ಕಂಡದ್ದು 1978ರಲ್ಲಿ. ಹತ್ತಿರದ ಊರು ಸುಮಾರು 240 ಕಿಲೋಮೀಟರ್ ದೂರ. ನಡುವೆ ಎರಡನೇ ಮಹಾಯುದ್ಧ ಆಗಿಹೋದದ್ದೂ ಅವರಿಗೆ ತಿಳಿದಿರಲಿಲ್ಲ. ಲೋಹದ ಪಾತ್ರೆ ತುಕ್ಕು ಹಿಡಿದು ಹೋದ ಮೇಲೆ ಮರದ ತೊಗಟೆಯೇ ಪಾತ್ರೆ. 1961ರ ಜೂನ್ ತಿಂಗಳಲ್ಲಿ ಹಿಮ ಬಿದ್ದು ಬೆಳೆಯೆಲ್ಲ ಸತ್ತಿತು. ಚರ್ಮದ ಚಪ್ಪಲಿ ಬೇಯಿಸಿ ತಿಂದರು. ತನ್ನ ಪಾಲನ್ನು ಮಕ್ಕಳಿಗೆ ಬಿಟ್ಟು ತಾಯಿ ಹಸಿವಿನಿಂದ ಸತ್ತಳು. ಬಟಾಣಿ ಪಾತಿಯಲ್ಲಿ ತಾನಾಗಿ ಮೊಳೆತ ಒಂದೇ ಒಂದು ರೈ ಗಿಡವನ್ನು ಇಲಿ ಅಳಿಲುಗಳಿಂದ ಹಗಲಿರುಳು ಕಾದು, ಅದರಿಂದ ಬಂದ ಹದಿನೆಂಟು ಕಾಳುಗಳಿಂದ ಮತ್ತೆ ಬೇಸಾಯ ಶುರುಮಾಡಿದರು. ಹೊರಗಿನವರಿಂದ ಅವರು ಮೊದಲು ಕೈಚಾಚಿ ತೆಗೆದುಕೊಂಡ ವಸ್ತು ಉಪ್ಪು. ನಾಲ್ಕು ದಶಕ ಅದಿಲ್ಲದೆ ಉಂಡಿದ್ದರು. ಈಗ ಬದುಕುಳಿದಿರುವ ಮಗಳು ಅಗಾಫ್ಯಾಗೆ ಹೆಲಿಕಾಪ್ಟರಿನಲ್ಲಿ ದಿನಸಿ ಹೋಗುತ್ತದೆ. 2021ರಲ್ಲಿ ಆಕೆಗೆ ಹೊಸ ಮರದ ಮನೆ ಕಟ್ಟಿಸಿಕೊಟ್ಟದ್ದು ರಷ್ಯಾದ ಕುಬೇರರಲ್ಲೊಬ್ಬನಾದ ಒಲೆಗ್ ಡೆರಿಪಾಸ್ಕಾ. ಸಂಪೂರ್ಣ ಸ್ವಾವಲಂಬನೆಯ ಬೆಲೆಪಟ್ಟಿ ಇದು. ಕೊಳ್ಳುವ ಶಕ್ತಿಯಿದ್ದವರು ಕೈಯೆತ್ತಿ.

ಆ ಚಳಿಯಲ್ಲಿ ಬಾಳಿ ತೋರಿಸಿದವರು ಮೂಲನಿವಾಸಿಗಳು. ಅವರಲ್ಲಿ ಯಾರೂ ಒಂಟಿ ಸಲಗನಾಗುವ ಕನಸು ಕಂಡವರಲ್ಲ. ಉತ್ತರದ ಇನ್ಯೂಪಿಯಾಟ್ ಜನ ತಿಮಿಂಗಿಲ ಹಿಡಿಯುವುದು ತಂಡ ಕಟ್ಟಿ. ಹಿಡಿದ ಮೇಲೆ ಮಾಂಸ ಊರಿಗೆಲ್ಲ ಹಂಚಿಕೆಯಾಗುತ್ತದೆ, ಹಂಚುವುದೇ ಅಲ್ಲಿ ಹಬ್ಬ. ಯಾರ ಮನೆಯಲ್ಲಿ ವಯಸ್ಸಾದವರಿದ್ದಾರೆ, ಯಾರ ದೋಣಿ ಕೆಟ್ಟಿದೆ ಎಂಬುದು ಇಡೀ ಊರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಆ ಚಳಿಯಲ್ಲಿ ಊರು ಉಳಿಯುತ್ತಿರಲಿಲ್ಲ. ಯುಕಾನ್ ನದಿಯ ದಂಡೆಯ ಹಳ್ಳಿಗಳ ಪಾಡು ಈಗ ಬೇರೆ. ಕಿಂಗ್ ಸಾಮನ್ ಮೀನು ಎಷ್ಟು ಕಡಿಮೆಯಾಗಿದೆಯೆಂದರೆ 2024ರಲ್ಲಿ ಅಲಾಸ್ಕ ಮತ್ತು ಕೆನಡ ಅದನ್ನು ಹಿಡಿಯುವುದನ್ನೇ ಏಳು ವರ್ಷ ನಿಲ್ಲಿಸಲು ಒಪ್ಪಿಕೊಂಡವು. ತಲೆಮಾರುಗಳಿಂದ ಆ ಮೀನನ್ನೇ ಒಣಗಿಸಿ ಚಳಿಗಾಲ ದಾಟಿದವರು ಈಗ ಅಂಗಡಿಯ ಡಬ್ಬಿ ಆಹಾರಕ್ಕೆ ಬಂದಿದ್ದಾರೆ. ಅದೇ ಹೊತ್ತಿಗೆ ನಾವು, ನದಿಯ ಹೆಸರನ್ನೂ ಸರಿಯಾಗಿ ಉಚ್ಚರಿಸಲು ಬಾರದವರು, ಅಲ್ಲಿ ಹೋಗಿ ಮೀನು ಹಿಡಿದು ಬದುಕುವ ಯೋಜನೆಯನ್ನು ಎಕ್ಸೆಲ್ ಹಾಳೆಯಲ್ಲಿ ಹಾಕುತ್ತಿದ್ದೇವೆ.

ಕಾಯಿಲೆಯೊಂದು ಉಳಿಯಿತು. ಕಾಡಿನಲ್ಲಿ ಕಾಲು ಮುರಿದರೆ ವಿಮಾನವೇ ಆಂಬ್ಯುಲೆನ್ಸ್. ಅದಕ್ಕೆ ಮೊದಲೇ ವರ್ಷದ ಚಂದಾ ಕಟ್ಟಿಡುವ ಪದ್ಧತಿ ಅಲ್ಲುಂಟು. ಪೈಲಟ್ಟು, ನರ್ಸು, ರೇಡಿಯೋ ಕೇಳುತ್ತ ರಾತ್ರಿಯಿಡೀ ಕೂತವನು, ಇವರು ಯಾರೂ ಸ್ವಾವಲಂಬಿಗಳಲ್ಲ. ಪಾಪ, ಸಂಬಳದವರು. ಅವರೆಲ್ಲ ಕೆಲಸ ಬಿಟ್ಟು ತಂತಮ್ಮ ಗುಡಿಸಲು ಸೇರಿಕೊಂಡ ದಿನ ನಮ್ಮ ಸ್ವಾವಲಂಬಿಯ ಕಾಲಿನ ಗತಿಯೇನು?

ಇಷ್ಟೆಲ್ಲ ಕೇಳಿದ ಮೇಲೂ ಹೊರಡುವವರಿದ್ದರೆ ತಡೆಯುವುದಿಲ್ಲ. ಅಲಾಸ್ಕ ಚೆಲುವಾದ ನಾಡು, ಕಷ್ಟಪಟ್ಟು ಅಲ್ಲಿ ನೆಲೆ ನಿಂತವರು ಗಟ್ಟಿಗರು. ಆ ಗಟ್ಟಿಗರಿಗೆ ತಮ್ಮ ಪೈಲಟ್ಟಿನ ಹೆಸರು ಗೊತ್ತಿರುತ್ತದೆ. ಇಪ್ಪತ್ತು ಮೈಲಿ ಆಚೆಯ ನೆರೆಯವನ ಹೆಸರೂ, ಅವನ ನಾಯಿಗಳ ಹೆಸರೂ ಗೊತ್ತಿರುತ್ತದೆ. ನಮಗೆ ಎದುರು ಫ್ಲ್ಯಾಟಿನವರ ಹೆಸರು ಗೊತ್ತಿಲ್ಲ, ಬಾಗಿಲಿಗೆ ಅಕ್ಕಿ ತಂದುಕೊಡುವ ಹುಡುಗನ ಮುಖ ನೆನಪಿಲ್ಲ, ಮನೆಗೆಲಸದಾಕೆ ಎರಡು ದಿನ ಬಾರದಿದ್ದರೆ ಮೂರನೆಯ ದಿನ ಸಂಸಾರ ಮುರಿದುಬೀಳುತ್ತದೆ. ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಒಂದು ಸಣ್ಣ ಪರೀಕ್ಷೆ ಕೊಟ್ಟುಕೊಳ್ಳಿ. ಒಂದು ವಾರ, ಹಿಮವಿಲ್ಲದ ನಿಮ್ಮದೇ ಅಪಾರ್ಟ್‌ಮೆಂಟಿನಲ್ಲಿ, ಲಿಫ್ಟು, ಟ್ಯಾಂಕರು, ಡೆಲಿವರಿ ಹುಡುಗ, ಮನೆಗೆಲಸದಾಕೆ ಯಾರೂ ಇಲ್ಲದೆ ಬದುಕಿ ನೋಡಿ. ಇವರೆಲ್ಲರ ಹಂಗಿನಲ್ಲಿದ್ದೇವೆ ಎಂದು ಮೂರನೆಯ ದಿನಕ್ಕೇ ಒಪ್ಪಿಕೊಂಡವರು ಎಲ್ಲಿಯಾದರೂ ಬದುಕಬಲ್ಲರು, ಅಲಾಸ್ಕದಲ್ಲಿಯೂ. ಒಪ್ಪದವರು ದಯವಿಟ್ಟು ಇಲ್ಲೇ ಇರಿ. ಅಲ್ಲಿನ ರಕ್ಷಣಾ ತಂಡದವರಿಗೆ ಈಗಾಗಲೇ ಕೈತುಂಬ ಕೆಲಸವಿದೆ.